ನಮ್ಮ ಮೊಬೈಲು, ಯಾರದೋ ಗುಡ್ಡ

(ಬಳಗದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಪರಿಸರದ ಸಭೆಯಲ್ಲಿ ಮೊಬೈಲಿನ ಮಾತೆತ್ತಿದರೆ ಜನ ಸಾಮಾನ್ಯವಾಗಿ ಎರಡು ಬಗೆಯ ಭಾಷಣವನ್ನು ನಿರೀಕ್ಷಿಸುತ್ತಾರೆ. ಈ ಯಂತ್ರ ಬಂದು ಮಕ್ಕಳು ಹಾಳಾದರು ಎಂಬ ದೂರು ಒಂದು. ಗುಡ್ಡದ ಮೇಲಿನ ಟವರಿನಿಂದಾಗಿ ಗುಬ್ಬಚ್ಚಿಗಳು ಕಾಣೆಯಾದವು ಎಂಬ ಆತಂಕ ಇನ್ನೊಂದು. ಇವೆರಡನ್ನೂ ನಾನು ಇಂದು ಹೇಳಲು ಬಂದಿಲ್ಲ. ಕಳೆದ ಇಪ್ಪತ್ತು ವರ್ಷಗಳಲ್ಲಿ ನನ್ನ ಮನೆಗೆ ನನ್ನ ಹೆಸರಿನಲ್ಲಿ ಐದು ಮೊಬೈಲುಗಳು ಬಂದಿವೆ. ಒಂದು ಜೇಬಿನಲ್ಲಿದೆ, ನಾಲ್ಕು ಮೇಜಿನ ಖಾನೆಯಲ್ಲಿವೆ. ಆ ಐದನ್ನೂ ಒಂದೊಂದಾಗಿ ನೆನೆದು, ಪ್ರತಿಯೊಂದೂ ಎಷ್ಟು ವರ್ಷ ಬಾಳಿತು, ಏಕೆ ನಿಂತಿತು, ಎಲ್ಲಿಂದ ಬಂದಿತ್ತು, ಇನ್ನು ಎಲ್ಲಿಗೆ ಹೋಗಬೇಕು ಎಂದು ಲೆಕ್ಕ ಹಾಕುವುದಷ್ಟೇ ನನ್ನ ಉದ್ದೇಶ. ನಿಮ್ಮ ಮನೆಯ ಖಾನೆಯ ಲೆಕ್ಕವೂ ಇದಕ್ಕಿಂತ ಬಹಳ ಬೇರೆಯಾಗಿರಲಾರದು.

ಕಂಬದ ಫೋನಿನ ಕಾಲ

ಇಲ್ಲಿರುವ ವಿದ್ಯಾರ್ಥಿಗಳಿಗೆ ಮೊಬೈಲಿಲ್ಲದ ಮಲೆನಾಡು ಗೊತ್ತಿಲ್ಲ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಆಗ ಫೋನೆಂದರೆ ಜಗಲಿಯ ಗೋಡೆಗೆ ಅಂಟಿಕೊಂಡಿದ್ದ ವಸ್ತು. ಏಪ್ರಿಲ್ ತಿಂಗಳಲ್ಲಿ ಮೊದಲ ಗುಡುಗು ಕೇಳಿದೊಡನೆ ಅದರ ತಂತಿಯನ್ನು ಕಿತ್ತಿಡಬೇಕಾಗಿತ್ತು. ಮರೆತರೆ ಸಿಡಿಲು ತಂತಿಗುಂಟ ಮನೆಯೊಳಕ್ಕೆ ಬಂದು ಫೋನನ್ನು ಸುಟ್ಟು ಹೋಗುತ್ತಿತ್ತು. ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ಲೈನ್‌ಮನ್ ಬರುವ ತನಕ, ಕೆಲವೊಮ್ಮೆ ನವರಾತ್ರಿಯ ತನಕ, ಊರು ಮೂಕವಾಗಿರುತ್ತಿತ್ತು. ಇಂತಹ ದಿನಗಳಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಹಾವು ಕಚ್ಚಿದರೆ ಸುದ್ದಿ ಮುಟ್ಟಿಸಲು ಒಬ್ಬರು ಓಡಲೇಬೇಕಿತ್ತು.

ಭಾರತದಲ್ಲಿ ಮೊದಲ ಮೊಬೈಲು ಕರೆ ನಡೆದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೋಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರೊಡನೆ ಮಾತನಾಡಿದರು. ಆ ಕಾಲದಲ್ಲಿ ಒಂದು ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು. ಬಂದ ಕರೆಗೂ ಹಣ ತೆರಬೇಕಿತ್ತು. ಅದು ನಮ್ಮ ಜಗತ್ತಿನ ವಸ್ತುವಾಗಿರಲಿಲ್ಲ. 2002ರ ಅಕ್ಟೋಬರಿನಲ್ಲಿ ಬಿಎಸ್ಸೆನ್ನೆಲ್ ಮೊಬೈಲು ಸೇವೆ ಆರಂಭಿಸಿತು. 2003ರಲ್ಲಿ ಬರುವ ಕರೆ ಉಚಿತವಾಯಿತು. ಅಲ್ಲಿಂದ ಮುಂದೆ ಗುಡ್ಡಗಳ ನೆತ್ತಿಯ ಮೇಲೆ ಕಬ್ಬಿಣದ ಗೋಪುರಗಳು ಏಳತೊಡಗಿದವು. ಕನ್ನಡ ಪತ್ರಿಕೆಗಳು ಈ ಹೊಸ ಯಂತ್ರಕ್ಕೆ ಚರವಾಣಿ, ಜಂಗಮವಾಣಿ, ಸಂಚಾರಿ ದೂರವಾಣಿ ಎಂದೆಲ್ಲ ಹೆಸರಿಟ್ಟವು. ಜನ ಮಾತ್ರ ಮೊಬೈಲು ಎಂದರು.

ಐದು ಮೊಬೈಲುಗಳು

ನನ್ನ ಮೊದಲ ಮೊಬೈಲು 2005ರಲ್ಲಿ ಕೊಂಡ ನೋಕಿಯಾ 1100. ಇಲ್ಲಿ ಕೂತಿರುವ ಹಿರಿಯರ ಮುಖದಲ್ಲಿ ನಗು ಮೂಡಿದ್ದನ್ನು ಕಾಣುತ್ತಿದ್ದೇನೆ. ನಮ್ಮಂತಹ ನಾಡುಗಳ ಬಳಕೆಗೆಂದೇ ರೂಪಿಸಿ 2003ರಲ್ಲಿ ಮಾರುಕಟ್ಟೆಗೆ ಬಿಟ್ಟ ಈ ಮೊಬೈಲು ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ತೂಕ 86 ಗ್ರಾಂ. ನೆತ್ತಿಯ ಮೇಲೊಂದು ಪುಟ್ಟ ದೀಪ. ಧೂಳು ಒಳಹೋಗದಂತೆ ಗುಂಡಿಗಳ ಮೇಲೆ ರಬ್ಬರಿನ ಹೊದಿಕೆ. ಕರೆಂಟು ಹೋದ ಆಷಾಢದ ರಾತ್ರಿಗಳಲ್ಲಿ ಕೊಟ್ಟಿಗೆಗೆ ಹೋಗಿಬರಲು ಆ ದೀಪ ಸಾಕಾಗುತ್ತಿತ್ತು. ಮನೆಯೊಳಗೆ ಸಿಗ್ನಲ್ ಸಿಗದ ಕಾರಣ ಅದು ಸದಾ ಕಿಟಕಿಯ ಸರಳಿಗೆ ಕಟ್ಟಿದ ಬಟ್ಟೆಯ ಚೀಲದಲ್ಲಿ ತೂಗುತ್ತಿತ್ತು. ಒಂದು ಮಿಸ್ಡ್ ಕಾಲ್ ಬಂದರೆ ಬಸ್ಸು ಹತ್ತಿದ್ದಾರೆ ಎಂದೂ, ಎರಡು ಬಂದರೆ ತಿರುಗಿ ಕರೆ ಮಾಡಬೇಕೆಂದೂ ಮನೆಮನೆಗಳಲ್ಲಿ ಒಪ್ಪಂದವಿತ್ತು. ಏಳು ವರ್ಷಗಳಲ್ಲಿ ಅದರ ಬ್ಯಾಟರಿಯನ್ನು ಎರಡು ಬಾರಿ, ಗುಂಡಿಗಳ ರಬ್ಬರನ್ನು ಒಂದು ಬಾರಿ ಬದಲಿಸಿದೆ. ಬೆನ್ನಿನ ಮುಚ್ಚಳವನ್ನು ಉಗುರಿನಿಂದ ಒತ್ತಿದರೆ ಕಳಚಿಕೊಳ್ಳುತ್ತಿತ್ತು. ಬ್ಯಾಟರಿ ಬದಲಿಸಲು ಅಂಗಡಿಯವರೂ ಬೇಕಾಗಿರಲಿಲ್ಲ.

ಎರಡನೆಯದು 2010ರಲ್ಲಿ ಬಂದದ್ದು. ನಮ್ಮ ಕಣಿವೆಯಲ್ಲಿ ಒಂದು ಖಾಸಗಿ ಸಂಸ್ಥೆಯ ಟವರಿನ ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತು. ಆದರೆ ಅದು ಸಿಡಿಎಂಎ ಎಂಬ ಬೇರೆ ಪದ್ಧತಿಯ ಜಾಲ. ಆ ಮೊಬೈಲಿಗೆ ಸಿಮ್ ಕಾರ್ಡು ಹಾಕುವ ಕಿಂಡಿಯೇ ಇರಲಿಲ್ಲ. ಸಂಸ್ಥೆ ಮತ್ತು ಯಂತ್ರ ಎರಡೂ ಒಂದಕ್ಕೊಂದು ಕಟ್ಟಿಬಿದ್ದಿದ್ದವು. ಮನೆಯ ಹೆಂಗಸರು ಅದನ್ನು ಜೋಪಾನವಾಗಿ ಬಳಸಿದರು. 2017ರಲ್ಲಿ ಸಂಸ್ಥೆ ಆ ಜಾಲವನ್ನು ಮುಚ್ಚಿತು. ಗೀರು ಕೂಡ ಬೀಳದ, ಗಂಟೆ ಸರಿಯಾಗಿ ಬಾರಿಸುತ್ತಿದ್ದ ಆ ಮೊಬೈಲು ಒಂದೇ ದಿನದಲ್ಲಿ ಕಸವಾಯಿತು. ಯಂತ್ರ ಕೆಟ್ಟೇ ಸಾಯಬೇಕೆಂದಿಲ್ಲ. ದೂರದ ಕಚೇರಿಯೊಂದರ ತೀರ್ಮಾನದಿಂದಲೂ ಅದು ಸಾಯಬಲ್ಲದು ಎಂಬುದನ್ನು ಅದು ನಮಗೆ ಕಲಿಸಿತು.

ಮೂರನೆಯದು 2012ರ ಸ್ಪರ್ಶಪರದೆಯ ಅಗ್ಗದ ಮೊಬೈಲು. ಕೆಲವೇ ತಿಂಗಳಲ್ಲಿ ನೆನಪಿನ ಕೋಶ ತುಂಬಿತೆಂದು ಗೊಣಗತೊಡಗಿತು. ಅದರ ತಂತ್ರಾಂಶಕ್ಕೆ ಹೊಸ ಆವೃತ್ತಿ ಬರಲೇ ಇಲ್ಲ. ಕೊನೆಗೆ ಗಾಜು ಒಡೆದಾಗ ಹೊಸ ಗಾಜಿಗೆ ಕೇಳಿದ ಬೆಲೆ ಹೊಸ ಮೊಬೈಲಿನ ಬೆಲೆಯ ಸಮೀಪಕ್ಕೆ ಬಂತು. ಅದರ ಆಯುಷ್ಯ ಎರಡು ವರ್ಷ. ಮುಂದೆ ಎರಡು ವರ್ಷ ಹಳೆಯ 1100 ಮತ್ತೆ ಜೇಬಿಗೆ ಬಂದು ದುಡಿಯಿತು.

ನಾಲ್ಕನೆಯದು 2016ರದು. ಆ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಆರಂಭವಾದ ಮೇಲೆ ಅಂತರ್ಜಾಲದ ದರ ಇಳಿದು, ಮೊಬೈಲು ಮಾತನಾಡುವ ಯಂತ್ರವಾಗಿ ಉಳಿಯದೆ ನೋಡುವ ಯಂತ್ರವಾಯಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಮೊಬೈಲು ನಮ್ಮ ಕೇರಿಯ ಮೂರು ಮಕ್ಕಳಿಗೆ ಶಾಲೆಯಾಗಿತ್ತು. ಸಿಗ್ನಲ್ ಅರಸಿ ಗುಡ್ಡ ಹತ್ತಿ, ಸೋಗೆಯ ಚಪ್ಪರ ಕಟ್ಟಿಕೊಂಡು, ಕೊಡೆ ಹಿಡಿದು ಪಾಠ ಕೇಳಿದ ಮಕ್ಕಳು ಮಲೆನಾಡಿನ ಎಷ್ಟೋ ಊರುಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಇಂದು ಈ ಸಭೆಯಲ್ಲಿಯೂ ಇರಬಹುದು. ಮರುವರ್ಷ ಅದರ ಬ್ಯಾಟರಿ ಉಬ್ಬಿ ಪರದೆಯನ್ನೇ ಮೇಲೆತ್ತಿತು. ಬ್ಯಾಟರಿಯನ್ನು ಒಳಗೆ ಅಂಟು ಹಾಕಿ ಕೂರಿಸಿದ್ದರಿಂದ ಬಿಚ್ಚುವುದೇ ಕಷ್ಟವಾಯಿತು. ಅದು ಬಾಳಿದ್ದು ಐದು ವರ್ಷ.

ಐದನೆಯದು ಈಗ ನನ್ನ ಜೇಬಿನಲ್ಲಿರುವುದು, 2021ರಲ್ಲಿ ಕೊಂಡದ್ದು. ಕೊಳ್ಳುವ ಮೊದಲು ಅಂಗಡಿಯಲ್ಲಿ ಕ್ಯಾಮೆರಾ ವಿಚಾರಿಸಲಿಲ್ಲ. ಬ್ಯಾಟರಿ ಬದಲಿಸಲು ಎಷ್ಟು, ಗಾಜು ಬದಲಿಸಲು ಎಷ್ಟು, ತಂತ್ರಾಂಶ ಎಷ್ಟು ವರ್ಷ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನಷ್ಟೇ ಕೇಳಿದೆ. 2024ರಲ್ಲಿ ಅದಕ್ಕೆ ಹೊಸ ಬ್ಯಾಟರಿ ಬಿದ್ದಿದೆ.

ಬಿಡಲಾಗದ ವಸ್ತು

ಈ ಐದರಲ್ಲಿ ಬಡಾಯಿಗಾಗಿ ಕೊಂಡದ್ದು ಯಾವುದೂ ಇಲ್ಲ. ಇದನ್ನು ಏಕೆ ಹೇಳುತ್ತೇನೆಂದರೆ, ಮೊಬೈಲನ್ನು ತ್ಯಜಿಸಿಬಿಡಿ ಎಂಬ ಉಪದೇಶ ಹಳ್ಳಿಯವರ ಮುಂದೆ ಸಲ್ಲುವುದಿಲ್ಲ. 2008ರಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಬಂದ ಮೇಲೆ ಹಾವು ಕಚ್ಚಿದವರ ಮನೆಯಿಂದ ಯಾರೂ ಪೇಟೆಗೆ ಓಡಬೇಕಾಗಿಲ್ಲ. 2013ರ ಜುಲೈಯಲ್ಲಿ ಟೆಲಿಗ್ರಾಂ ನಿಂತಿತು. ಎಸ್‌ಟಿಡಿ ಬೂತುಗಳು ಮುಚ್ಚಿದವು. ಈಗ ಬ್ಯಾಂಕಿನ ಒಟಿಪಿ ಮೊಬೈಲಿಗೇ ಬರಬೇಕು. 2020ರಿಂದ ರೈತರು ತಮ್ಮ ಬೆಳೆಯ ಸಮೀಕ್ಷೆಯನ್ನು ತಾವೇ ಆ್ಯಪಿನಲ್ಲಿ ದಾಖಲಿಸುವ ವ್ಯವಸ್ಥೆ ಬಂದಿದೆ. ಗುಂಡಿಯ ಮೊಬೈಲು ಗಟ್ಟಿಯಾಗಿದ್ದರೂ ಇವೆಲ್ಲವನ್ನೂ ಮಾಡಲಾರದು. ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳುವಂತೆ ನಮ್ಮನ್ನು ದೂಡುವುದು ಆಸೆಯೊಂದೇ ಅಲ್ಲ, ವ್ಯವಸ್ಥೆಯೂ ದೂಡುತ್ತದೆ.

ಆದ್ದರಿಂದ ಪ್ರಶ್ನೆ ಇರುವುದು ಬೇಕೋ ಬೇಡವೋ ಎಂಬುದರಲ್ಲಿ ಅಲ್ಲ. ಒಂದು ಮೊಬೈಲು ಎಷ್ಟು ವರ್ಷ ಬಾಳಬೇಕು, ಬಾಳು ಮುಗಿದ ಮೇಲೆ ಅದು ಯಾರ ಕೈಗೆ ಹೋಗಬೇಕು ಎಂಬುದರಲ್ಲಿ.

ಟವರಿನ ವಿಷಯದಲ್ಲಿಯೂ ಒಂದು ಮಾತು. ಗುಬ್ಬಚ್ಚಿ ಕಡಿಮೆಯಾಗಲು ಟವರೇ ಕಾರಣವೆಂದು ವಿಜ್ಞಾನ ಖಚಿತಪಡಿಸಿಲ್ಲ. ಎಚ್ಚರಿಕೆಯ ಕ್ರಮವಾಗಿ ಭಾರತ ಸರ್ಕಾರ 2012ರ ಸೆಪ್ಟೆಂಬರಿನಿಂದ ಟವರುಗಳ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದಕ್ಕೆ ಇಳಿಸಿತು. ಆ ಚರ್ಚೆ ನಡೆಯಲಿ. ಆದರೆ ಸಂದೇಹಕ್ಕೆ ಎಡೆಯೇ ಇಲ್ಲದ ಹಾನಿಯೊಂದು ಮೊಬೈಲಿನ ಹುಟ್ಟಿನಲ್ಲಿಯೂ ಸಾವಿನಲ್ಲಿಯೂ ಇದೆ. ಅದರ ಕಡೆಗೆ ನಮ್ಮ ಗಮನ ಹರಿದಿಲ್ಲ.

ಮೊಬೈಲು ಎಲ್ಲಿಂದ ಬರುತ್ತದೆ?

ಅಂಗಡಿಯಿಂದ ಎಂದು ಹೇಳಿದರೆ ಅದು ಅರ್ಧ ಉತ್ತರ. ಮೊಬೈಲು ಗುಡ್ಡದಿಂದ ಬರುತ್ತದೆ.

ಅದರೊಳಗಿನ ಅತಿ ಚಿಕ್ಕ ಬಿಡಿಭಾಗಗಳಿಗೆ ಟ್ಯಾಂಟಲಮ್ ಎಂಬ ಲೋಹ ಬೇಕು. ಅದು ಕೋಲ್ಟಾನ್ ಎಂಬ ಅದಿರಿನಿಂದ ಸಿಗುತ್ತದೆ. 2000ನೆಯ ಇಸವಿಯಲ್ಲಿ ಇದರ ಬೆಲೆ ಹಠಾತ್ತನೆ ಏರಿದಾಗ ಆಫ್ರಿಕದ ಕಾಂಗೋ ದೇಶದ ಪೂರ್ವ ಭಾಗದಲ್ಲಿರುವ ಕಹುಜಿ-ಬಿಯೇಗಾ ರಾಷ್ಟ್ರೀಯ ಉದ್ಯಾನದೊಳಗೆ ಸಾವಿರಾರು ಜನ ಅಗೆಯಲು ನುಗ್ಗಿದರು. ಅವರ ಊಟಕ್ಕಾಗಿ ಕಾಡಿನ ಪ್ರಾಣಿಗಳು ಬೇಟೆಯಾದವು. ಗೊರಿಲ್ಲಾಗಳ ಸಂಖ್ಯೆ ಕುಸಿಯಿತು. ಅದಿರಿನ ಹಣ ಅಲ್ಲಿಯ ಸಶಸ್ತ್ರ ಗುಂಪುಗಳ ಕೈ ಸೇರಿತು. ಬ್ಯಾಟರಿಗೆ ಬೇಕಾದ ಕೋಬಾಲ್ಟಿನ ಮೂರನೆಯ ಎರಡು ಭಾಗಕ್ಕೂ ಹೆಚ್ಚು ಅದೇ ದೇಶದ ದಕ್ಷಿಣದಿಂದ ಬರುತ್ತದೆ. ಅಲ್ಲಿ ಮಕ್ಕಳು ಕೂಡ ಗುಂಡಿಗಿಳಿದು ದುಡಿದದ್ದು ಜಗತ್ತಿಗೆ ಗೊತ್ತಿರುವ ಸಂಗತಿ. ಬೆಸುಗೆಯ ತವರವನ್ನು ಕೊಡುವ ಇಂಡೋನೇಷ್ಯದ ಬಾಂಗ್ಕಾ ದ್ವೀಪದಲ್ಲಿ ಕಾಡೂ ಕಡಲ ತಳವೂ ಅಗೆತಕ್ಕೆ ಸಿಕ್ಕಿವೆ. ಲಿಥಿಯಮ್ಮಿಗಾಗಿ ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ನೆಲದಡಿಯ ಉಪ್ಪುನೀರನ್ನು ಎತ್ತಿ ಬಿಸಿಲಿಗೆ ಆರಿಸುತ್ತಾರೆ.

ಈ ಊರುಗಳ ಹೆಸರು ನಮಗೆ ದೂರದವು. ಆದರೆ ಅಲ್ಲಿ ನಡೆದದ್ದೇನೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುದುರೆಮುಖದಲ್ಲಿ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದದ್ದನ್ನೂ ಮಳೆಗಾಲದಲ್ಲಿ ಭದ್ರೆ ಕೆಂಪು ಮಣ್ಣು ಹೊತ್ತು ಹರಿದದ್ದನ್ನೂ ನಾವು ಕಂಡಿದ್ದೇವೆ. ಜನರ ಹೋರಾಟ ನ್ಯಾಯಾಲಯದ ಮೆಟ್ಟಿಲೇರಿ, 2002ರ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿಯ ಗಣಿಗಾರಿಕೆ ನಿಂತಿತು. ನಮ್ಮ ಗುಡ್ಡವನ್ನು ಉಳಿಸಿಕೊಂಡ ನಾವು, ನಮ್ಮ ಜೇಬಿನಲ್ಲಿರುವುದು ಯಾರ ಗುಡ್ಡವೆಂದು ಕೇಳದೆ ಇರಬಹುದೇ?

ಚಿನ್ನದ ಲೆಕ್ಕ

ವಿದ್ಯಾರ್ಥಿಗಳಿಗಾಗಿ ಒಂದು ಲೆಕ್ಕ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಟ್ಟಿರುವ ಅಂಕಿಗಳ ಪ್ರಕಾರ 10 ಲಕ್ಷ ಹಳೆಯ ಮೊಬೈಲುಗಳಿಂದ ಸುಮಾರು 16 ಸಾವಿರ ಕಿಲೋ ತಾಮ್ರ, 350 ಕಿಲೋ ಬೆಳ್ಳಿ, 34 ಕಿಲೋ ಚಿನ್ನ ಮತ್ತು 15 ಕಿಲೋ ಪಲ್ಲಾಡಿಯಮ್ ತೆಗೆಯಬಹುದು. ಒಂದು ಮೊಬೈಲಿನ ತೂಕ ಸರಾಸರಿ 100 ಗ್ರಾಂ ಎಂದಿಟ್ಟುಕೊಂಡರೆ 10 ಲಕ್ಷ ಮೊಬೈಲು ಎಂದರೆ 100 ಟನ್. ಅಂದರೆ ಒಂದು ಟನ್ ಮೊಬೈಲಿನಲ್ಲಿ ಸುಮಾರು 340 ಗ್ರಾಂ ಚಿನ್ನವಿದೆ. ಚಿನ್ನದ ಗಣಿಯ ಒಂದು ಟನ್ ಅದಿರಿನಲ್ಲಿ ಸಿಗುವುದು ಸಾಮಾನ್ಯವಾಗಿ ಕೆಲವೇ ಗ್ರಾಂ. ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಚಿನ್ನ ತೆಗೆದುಳಿದ ಸಯನೈಡ್ ದಿಬ್ಬಗಳು ಮಾತ್ರ ಕೆಜಿಎಫ್ ಪಟ್ಟಣದ ಮಗ್ಗುಲಲ್ಲಿ ಗುಡ್ಡಗಳಂತೆ ಹಾಗೆಯೇ ನಿಂತಿವೆ.

ಈಗ ನಮ್ಮ ಊರಿಗೆ ಬರೋಣ. ನೂರು ಮನೆಗಳ ಒಂದು ಊರು. ಮನೆಗೆ ನಾಲ್ಕರಂತೆ 400 ಸತ್ತ ಮೊಬೈಲುಗಳು ಖಾನೆಗಳಲ್ಲಿವೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ ಆರು ಕಿಲೋಗಿಂತ ಹೆಚ್ಚು ತಾಮ್ರ, ಹದಿಮೂರು ಗ್ರಾಮಿಗಿಂತ ಹೆಚ್ಚು ಚಿನ್ನ ಇದೆ. ಒಂದು ತೊಲಕ್ಕೂ ಮಿಗಿಲಾದ ಚಿನ್ನ! ಅಷ್ಟು ಚಿನ್ನವನ್ನು ಹೊಸದಾಗಿ ತೆಗೆಯಲು ಎಲ್ಲಿಯೋ ಟನ್‌ಗಟ್ಟಲೆ ಕಲ್ಲನ್ನು ಒಡೆದು ಅರೆಯಬೇಕು.

ಮೊಬೈಲು ಎಲ್ಲಿಗೆ ಹೋಗುತ್ತದೆ?

ಚಿನ್ನವಿದೆ ಎಂದೊಡನೆ ಮನೆಯಲ್ಲಿ ತೆಗೆಯಲು ಹೊರಡಬೇಡಿ. ದೆಹಲಿಯ ಸೀಲಂಪುರದಲ್ಲಿಯೂ ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿಯೂ ಬಡವರು ಆ ಕೆಲಸ ಮಾಡಿದ್ದಾರೆ. ಸರ್ಕಿಟ್ ಹಲಗೆಗಳನ್ನು ಸುಟ್ಟು, ಆಮ್ಲದಲ್ಲಿ ಅದ್ದಿ ಲೋಹ ತೆಗೆದು, ಉಳಿದ ಕರಿಬೂದಿಯನ್ನು ರಾಮಗಂಗಾ ನದಿಯ ದಡಕ್ಕೆ ಸುರಿದದ್ದರಿಂದ ಆ ನದಿಯ ಮಣ್ಣೂ ನೀರೂ ವಿಷವಾದವು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು ಅದರಲ್ಲಿ ಶೇಕಡಾ 22.3ಕ್ಕೆ ಮಾತ್ರ.

ಸೀಲಂಪುರ ದೂರವಿದೆ ಎಂದು ಸಮಾಧಾನ ಪಡುವಂತಿಲ್ಲ. ನಮ್ಮ ಬಚ್ಚಲು ಮನೆಯ ಒಲೆ ಹತ್ತಿರವಿದೆ. ಹಳೆಯ ಚಾರ್ಜರಿನ ವೈರು, ಇಯರ್ ಫೋನು, ಒಡೆದ ಮುಚ್ಚಳ ಎಲ್ಲವೂ ಹಂಡೆಯ ಒಲೆಗೆ ಬೀಳುವುದನ್ನು ಮನೆಮನೆಗಳಲ್ಲಿ ಕಾಣುತ್ತೇವೆ. ವೈರಿನ ಪಿವಿಸಿ ಹೊದಿಕೆ ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಹಳೆಯ ಮೊಬೈಲುಗಳ ಬೆಸುಗೆಯಲ್ಲಿ ಸೀಸವಿದೆ. ಈ ಒಲೆಯ ಬೂದಿಯನ್ನು ನಾವೇನು ಮಾಡುತ್ತೇವೆ? ಪಾತ್ರೆ ತೊಳೆಯುತ್ತೇವೆ, ಬಸಳೆಯ ಬುಡಕ್ಕೆ ಹಾಕುತ್ತೇವೆ, ತೋಟಕ್ಕೆ ಚೆಲ್ಲುತ್ತೇವೆ. ಒಲೆಗೆ ಎಸೆದದ್ದು ಹೀಗೆ ನಮ್ಮ ಊಟದ ತಟ್ಟೆಗೇ ಮರಳುತ್ತದೆ. ಗೊಬ್ಬರದ ಗುಂಡಿಗೆ ಎಸೆದ ಬ್ಯಾಟರಿಯ ದಾರಿಯೂ ಇದೇ.

ನಾವು ಮಾಡಬಹುದಾದದ್ದು

ಮೊದಲನೆಯದು, ವರ್ಷಗಳನ್ನು ಎಣಿಸುವುದು. ಒಂದು ಮೊಬೈಲು ತನ್ನ ಬಾಳಿನುದ್ದಕ್ಕೂ ಉಂಟುಮಾಡುವ ಇಂಗಾಲದ ಹೊರೆಯ ಬಹುಪಾಲು ಅದು ನಮ್ಮ ಕೈಗೆ ಬರುವ ಮೊದಲೇ, ಗಣಿಯಲ್ಲಿ ಮತ್ತು ಕಾರ್ಖಾನೆಯಲ್ಲಿ ಮುಗಿದಿರುತ್ತದೆ. ರಾತ್ರಿ ಚಾರ್ಜಿಗೆ ಹಾಕುವ ವಿದ್ಯುತ್ತು ಅದರ ಮುಂದೆ ಅಲ್ಪ. ಆದ್ದರಿಂದ ಎರಡು ವರ್ಷ ಬಾಳುವ ಮೊಬೈಲನ್ನು ನಾಲ್ಕು ವರ್ಷ ಬಾಳಿಸಿದರೆ ವರ್ಷದ ಹೊರೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇದಕ್ಕಿಂತ ಸುಲಭವಾದ ಪರಿಸರ ಸಂರಕ್ಷಣೆ ಇನ್ನೊಂದಿಲ್ಲ.

ಎರಡನೆಯದು, ದುರಸ್ತಿಯನ್ನು ಗೌರವಿಸುವುದು. ಪೇಟೆಯ ಬಸ್ ನಿಲ್ದಾಣದ ಬಳಿ ಸಣ್ಣ ಮಳಿಗೆಯಲ್ಲಿ ಕೂತು ಮೊಬೈಲು ಬಿಚ್ಚುವ ಹುಡುಗ ಕಾಡು ಉಳಿಸುವವರ ಸಾಲಿನಲ್ಲಿಯೇ ನಿಲ್ಲುತ್ತಾನೆ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ಕಾನೂನಿನಲ್ಲಿ, ಬಳಸುವವರೇ ಬ್ಯಾಟರಿ ತೆಗೆದು ಬದಲಿಸಲು ಬರುವಂತೆ ವಸ್ತುಗಳು ಇರಬೇಕೆಂಬ ನಿಯಮವನ್ನು ಸೇರಿಸಿದೆ. 2027 ಅದರ ಗಡುವು. ಉಗುರಿನಿಂದ ತೆರೆಯುತ್ತಿದ್ದ 1100ರಲ್ಲಿ 2003ರಷ್ಟು ಹಿಂದೆಯೇ ಇದ್ದ ಅನುಕೂಲವನ್ನು ಈಗ ಕಾನೂನು ಮಾಡಿ ಮರಳಿ ಪಡೆಯಬೇಕಾಗಿದೆ! ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿಗೆ ಒಂದು ಚೌಕಟ್ಟನ್ನು ರೂಪಿಸಲು ಸಮಿತಿ ನೇಮಿಸಿತು. ಅಂಗಡಿಯಲ್ಲಿ ಬಿಡಿಭಾಗದ ಬೆಲೆ ಕೇಳುವ ಪ್ರತಿಯೊಬ್ಬ ಗ್ರಾಹಕನೂ ಆ ಹಕ್ಕಿಗೆ ಬಲ ತುಂಬುತ್ತಾನೆ.

ಮೂರನೆಯದು, ಸತ್ತ ಮೊಬೈಲನ್ನು ಸರಿಯಾದ ಕೈಗೆ ಮುಟ್ಟಿಸುವುದು. ವಿದ್ಯುನ್ಮಾನ ಕಸದ ನಿಯಮಗಳು ಭಾರತದಲ್ಲಿ 2012ರ ಮೇ ತಿಂಗಳಿಂದ ಜಾರಿಗೆ ಬಂದವು. 2016ರಲ್ಲಿಯೂ 2022ರಲ್ಲಿಯೂ ಅವುಗಳನ್ನು ಹೊಸದಾಗಿ ಬರೆಯಲಾಯಿತು. ತಯಾರಿಸಿದವನೇ ಅದರ ಅಂತ್ಯಕ್ಕೂ ಹೊಣೆಗಾರ ಎಂಬುದು ಅವುಗಳ ತಿರುಳು. ಆದರೆ ಸಂಗ್ರಹದ ಪೆಟ್ಟಿಗೆಗಳು ನಗರದಲ್ಲಿವೆ; ನಮ್ಮ ಗುಡ್ಡಕ್ಕೆ ಯಾರೂ ಅರಸಿ ಬರುವುದಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟು. ಪ್ರತಿ ಊರಿನ ಪ್ರೌಢಶಾಲೆಯಲ್ಲಿಯೋ ಸಹಕಾರಿ ಸಂಘದ ಕಚೇರಿಯಲ್ಲಿಯೋ ಮುಚ್ಚಳವಿರುವ ಒಂದು ಡಬ್ಬಿ ಇಡೋಣ. ವರ್ಷಕ್ಕೊಮ್ಮೆ ಎಲ್ಲ ಊರುಗಳದನ್ನು ಒಟ್ಟುಗೂಡಿಸಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆ ಘಟಕಕ್ಕೆ ಕಳುಹಿಸಿ ರಸೀದಿ ಪಡೆಯೋಣ. ಕೊಡುವ ಮೊದಲು ಸಿಮ್ ಮತ್ತು ಮೆಮೊರಿ ಕಾರ್ಡು ತೆಗೆದು, ಫೋಟೋ ಮತ್ತು ಮಾಹಿತಿಯನ್ನು ಅಳಿಸಬೇಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಬಡಿಯಬಾರದು, ಒದ್ದೆ ಮಾಡಬಾರದು; ಒಣ ಮರಳು ತುಂಬಿದ ಮಡಕೆಯಲ್ಲಿಟ್ಟು, ಕಟ್ಟಿಗೆ, ಹುಲ್ಲು, ಸೋಗೆಗಳಿಂದ ದೂರವಿಡಬೇಕು. ಈ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಂಡರೆ ಹಿರಿಯರು ಜೊತೆಗಿರುತ್ತೇವೆ.

ಡಬ್ಬಿಯ ಪಕ್ಕದಲ್ಲಿ ಒಂದು ಪುಸ್ತಕವನ್ನೂ ಇಡೋಣ. ಮೊಬೈಲು ತಂದುಕೊಟ್ಟವರು ಅದನ್ನು ಕೊಂಡ ವರ್ಷ, ಅದು ನಿಂತ ವರ್ಷ, ನಿಂತ ಕಾರಣ ಇಷ್ಟನ್ನು ಬರೆಯಲಿ. ಮೂರು ವರ್ಷಗಳಲ್ಲಿ ನಮ್ಮ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಗಾಜಿನ ಬೆಲೆ ಹೆಚ್ಚಾಗಿ ಸತ್ತವು ಎಷ್ಟು, ಬ್ಯಾಟರಿ ಅಂಟಿಸಿದ್ದರಿಂದ ಸತ್ತವು ಎಷ್ಟು, ಜಾಲ ಮುಚ್ಚಿ ಸತ್ತವು ಎಷ್ಟು, ನಮಗೇ ಬೇಸರವಾಗಿ ಬಿಟ್ಟವು ಎಷ್ಟು ಎಂದು ಅದರಿಂದ ತಿಳಿಯುತ್ತದೆ. ಮೊದಲ ಮೂರರ ಲೆಕ್ಕವನ್ನು ತಯಾರಕರ ಮುಂದೆ, ಸರ್ಕಾರದ ಮುಂದೆ ಇಡಬಹುದು. ನಾಲ್ಕನೆಯದನ್ನು ನಾವೇ ತಿದ್ದಿಕೊಳ್ಳಬೇಕು.

ನನ್ನ ಖಾನೆಯ ನಾಲ್ಕರಲ್ಲಿ ಮೂರನ್ನು ಇಂದೇ ಇಲ್ಲಿಯ ಡಬ್ಬಿಗೆ ತಂದಿದ್ದೇನೆ. 1100 ಮಾತ್ರ ಮನೆಯಲ್ಲಿ ಉಳಿದಿದೆ. ಹೊಸ ಬ್ಯಾಟರಿ ಹಾಕಿದರೆ ಅದು ಇನ್ನೂ ದುಡಿಯುತ್ತದೆ, ದುಡಿಯುವುದನ್ನು ಕಸವೆನ್ನಲಾಗದು. ನೀವೂ ಮನೆಗೆ ಹೋದೊಡನೆ ಖಾನೆ ತೆರೆದು ಎಣಿಸಿರಿ. ಎಷ್ಟಿದೆ ಎಂಬುದನ್ನು ಮುಂದಿನ ಸಂಚಿಕೆಗೆ ಬರೆದು ಕಳುಹಿಸಿರಿ.